ಉಸಿರಿನ ಮೇಷ್ಟರು ಬೆಟ್ಟ ಹತ್ತಿದ್ದು

ಮೆಟ್ಟಿಲು ಹತ್ತಿ ಬಂದವರು ತಮಗೆ ಏದುಸಿರು ಬಂದಿದೆಯೆಂದು ಯಾವತ್ತೂ ಒಪ್ಪಿಕೊಳ್ಳುವುದಿಲ್ಲ. ಬಸವೇಶ್ವರನಗರದ ಲಿಫ್ಟಿಲ್ಲದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ವಾಸಮಾಡಿ, ಬಂದುಹೋಗುವ ಅತಿಥಿ ಅಭ್ಯಾಗತರನ್ನು ಕಿಟಕಿಯ ಸರಳಿನಾಚೆಯಿಂದ ಅವಲೋಕಿಸಿ ನಾನು ಕಂಡುಕೊಂಡ ಸತ್ಯವಿದು. ಎರಡನೆಯ ಮಹಡಿಯ ತಿರುವಿನಲ್ಲಿ ಎಲ್ಲರೂ ನಿಲ್ಲುತ್ತಾರೆ. ಆದರೆ ಉಸಿರಿಗಾಗಿ ಯಾರೂ ನಿಲ್ಲುವುದಿಲ್ಲ. ಒಬ್ಬರಿಗೆ ಸರಿಯಾಗಿ ಅಲ್ಲೇ ಫೋನಿನಲ್ಲಿ ಏನೋ ನೋಡುವುದಿರುತ್ತದೆ. ಇನ್ನೊಬ್ಬರಿಗೆ ಆ ಮನೆಯವರು ಇಟ್ಟಿರುವ ಬಡಕಲು ದಾಸವಾಳದ ಗಿಡದಲ್ಲಿ ಹಠಾತ್ತನೆ ಸೌಂದರ್ಯ ಗೋಚರಿಸುತ್ತದೆ. ನನ್ನ ಷಡ್ಡಕರಂತೂ ಗೋಡೆಯ ಬಿರುಕನ್ನು ಬೆರಳಿನಿಂದ ತಟ್ಟಿ ನೋಡಿ ಕಟ್ಟಡದ ಆಯುಷ್ಯದ ಬಗ್ಗೆ ಚಿಂತಿಸುತ್ತಾರೆಯೇ ಹೊರತು ತಮ್ಮದರ ಬಗ್ಗೆ ಅಲ್ಲ. ಅವರನ್ನೇಕೆ ಆಡಿಕೊಳ್ಳಲಿ? ಬೆಳಿಗ್ಗೆ ಹಾಲು ತರುವ ನಾನೂ ಅದೇ ತಿರುವಿನಲ್ಲಿ ನಿಂತು ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಶಿಲಾಶಾಸನ ಓದುವವನಂತೆ ಕಣ್ಣು ಕಿರಿದುಮಾಡಿ ಓದುತ್ತೇನೆ.

ನನ್ನ ವಿಷಯದಲ್ಲಿ ಈ ಕಪಟ ಹೆಚ್ಚು ನಾಚಿಕೆಗೇಡಿನದು. ಏಕೆಂದರೆ ಉಸಿರೇ ನನ್ನ ಉದ್ಯೋಗವಾಗಿತ್ತು. ಎಲ್ಲರಿಗೂ ಉಸಿರಾಡುವುದೇ ಉದ್ಯೋಗವೆಂದು ನೀವು ನಗಬಹುದು. ನನಗೆ ಅದಕ್ಕೆ ಸಂಬಳವೂ ಬರುತ್ತಿತ್ತು. ವೈದ್ಯಕೀಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದೆ. ಅದರಲ್ಲೂ ಶ್ವಾಸಕೋಶದ ಪಾಠಗಳು, ಎತ್ತರದ ಬೆಟ್ಟಗಳಲ್ಲಿ ದೇಹಕ್ಕೆ ಏನಾಗುತ್ತದೆಂಬ ಅಧ್ಯಾಯ, ಇವು ನನ್ನ ಪಾಲಿನ ಜಹಗೀರಾಗಿದ್ದವು. ಆದರೆ ನಾನು ವೈದ್ಯನಲ್ಲ. ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಕಪ್ಪೆಯ ಹೃದಯದ ಮೇಲೆ ಪ್ರಬಂಧ ಬರೆದು 'ಡಾಕ್ಟರ್' ಆದವನು. ನೆಗಡಿಗೆ ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. ನೆಗಡಿಯಲ್ಲಿ ಮೂಗಿನ ರಕ್ತನಾಳಗಳು ಹೇಗೆ ಹಿಗ್ಗುತ್ತವೆಂದು ಮುಕ್ಕಾಲು ಗಂಟೆ ಮಾತಾಡುವ ಅಧಿಕಾರವಿದೆ. ನೆರೆಹೊರೆಯವರು ಆರಂಭದಲ್ಲಿ ಹೊತ್ತುಗೊತ್ತಿಲ್ಲದೆ ಬಂದು ಬಾಗಿಲು ಬಡಿಯುತ್ತಿದ್ದರು. ಮುಕ್ಕಾಲು ಗಂಟೆಯ ಅನುಭವವಾದ ಮೇಲೆ ನಿಲ್ಲಿಸಿದರು. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಎತ್ತರದ ಪರ್ವತಗಳ ಬಗ್ಗೆ ಮೂರು ದಶಕ ಬೋಧಿಸಿದ ನಾನು ಅರವತ್ತಾರನೆಯ ವಯಸ್ಸಿನವರೆಗೆ ನಂದಿಬೆಟ್ಟಕ್ಕಿಂತ ಹೆಚ್ಚಿನ ಎತ್ತರವನ್ನು ಕಂಡವನಲ್ಲ, ಅದನ್ನೂ ಬಸ್ಸಿನಲ್ಲಿ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ನಡೆಯುವವರ ಒಂದು ಬಳಗವಿದೆ. ಅದರ ಸ್ವಯಂಘೋಷಿತ ನಾಯಕರು ಅಂಚೆ ಇಲಾಖೆಯಿಂದ ನಿವೃತ್ತರಾದ ನಂಜುಂಡಪ್ಪನವರು. ಜೀವನಪರ್ಯಂತ ಪತ್ರಗಳನ್ನು ಊರೂರಿಗೆ ಕಳಿಸಿ ತಾವು ಮಾತ್ರ ಕುರುಬರಹಳ್ಳಿಯಲ್ಲೇ ಉಳಿದ ಸಂಕಟ ಅವರದು. ಕಳೆದ ವರ್ಷ ಒಂದು ಬೆಳಿಗ್ಗೆ ಕಲ್ಲುಬೆಂಚಿನ ಮೇಲೆ ನಿಂತು ಘೋಷಿಸಿದರು:

"ಈ ಸಲ ಜೂನ್‌ನಲ್ಲಿ ಲಡಾಖ್‌ಗೆ ಹೋಗ್ತಾ ಇದೀವಿ. ಹನ್ನೊಂದು ಜನ ಆಗಿದ್ದಾರೆ. ಭಯ ಪಡಬೇಡಿ, ನಮ್ಮ ಜೊತೆ ಉಸಿರಿನ ಮೇಷ್ಟ್ರೇ ಬರ್ತಾರೆ!"

ನಾನು ಬರುತ್ತೇನೆಂಬುದು ನನಗೂ ಆಗಲೇ ತಿಳಿದದ್ದು. ನನ್ನ ಹೆಂಡತಿ ವಿಮಲಾ ಹಿಂದಿನ ದಿನವೇ ಇಬ್ಬರ ಹೆಸರನ್ನೂ ಕೊಟ್ಟಿದ್ದಳು. ಸಿಟ್ಟು ಬರಬೇಕಾದ ಕ್ಷಣ. ಆದರೆ 'ಉಸಿರಿನ ಮೇಷ್ಟ್ರು' ಎಂಬ ಬಿರುದು ಕಿವಿಗೆ ಬಿದ್ದಾಗ ನನ್ನ ಎದೆ, ಶಾಸ್ತ್ರದಲ್ಲಿ ಹೇಳಿರುವ ಗರಿಷ್ಠ ಪ್ರಮಾಣಕ್ಕಿಂತ ತುಸು ಹೆಚ್ಚೇ ಹಿಗ್ಗಿತು.

ಅಂದಿನಿಂದ ಹೊರಡುವ ದಿನದವರೆಗೆ, ಪ್ರತಿ ಬೆಳಿಗ್ಗೆ ನಡಿಗೆ ಮುಗಿದ ಮೇಲೆ, ನಾನು ಉದ್ಯಾನದ ಬ್ಯಾಡ್ಮಿಂಟನ್ ಅಂಗಳದಲ್ಲಿ ಉಪನ್ಯಾಸ ಕೊಡಲಾರಂಭಿಸಿದೆ. ನಿವೃತ್ತನಾದ ಅಧ್ಯಾಪಕನಿಗೆ ಎದುರಿಗೆ ಕೂತ ಹತ್ತು ಜನ ಸಿಗುವುದು ಮರುಭೂಮಿಯಲ್ಲಿ ಹತ್ತು ಕೊಡ ನೀರು ಸಿಕ್ಕಂತೆ. ಗಾಜಿನ ಗಂಟೆಯೊಳಗೆ ಇಲಿಯನ್ನೂ ಮೇಣದಬತ್ತಿಯನ್ನೂ ಇಟ್ಟು, ಬತ್ತಿ ಆರುವ ಕಾರಣಕ್ಕೇ ಇಲಿಯೂ ಒದ್ದಾಡುತ್ತದೆಂದು ಕಂಡುಕೊಂಡವರ ಕಥೆ ಹೇಳಿದೆ. ಗಾಳಿಗೂ ತೂಕವಿದೆಯೆಂದು ಸಾಧಿಸಲು ಹೊರಟ ಫ್ರೆಂಚ್ ಪಂಡಿತನೊಬ್ಬ, ತಾನು ಅಶಕ್ತನಾದ್ದರಿಂದ, ಪಾದರಸದ ಕೊಳವೆಯನ್ನು ಅಕ್ಕನ ಗಂಡನ ಕೈಗೆ ಕೊಟ್ಟು ಬೆಟ್ಟ ಹತ್ತಿಸಿದ್ದನ್ನು ಹೇಳಿದೆ. ಬೆಟ್ಟದ ಮೇಲೆ ಪಾದರಸ ಇಳಿಯಿತು, ಪಂಡಿತನ ಕೀರ್ತಿ ಏರಿತು, ಬೆವರಿದ್ದು ಮಾತ್ರ ಭಾವ. ಗಣಿಗಳೊಳಗಿನ ವಿಷಗಾಳಿಯನ್ನು ಅಭ್ಯಾಸಮಾಡಿದ ಇನ್ನೊಬ್ಬ ಮಹಾಶಯ ತನ್ನ ಮಗನನ್ನೇ ಅಲ್ಲಿ ನಿಲ್ಲಿಸಿ, ಗಟ್ಟಿಯಾಗಿ ಬಾಯಿಪಾಠ ಒಪ್ಪಿಸುತ್ತಿರು ಎಂದಿದ್ದನಂತೆ. ಹುಡುಗ ಯಾವ ಸಾಲಿಗೆ ಕುಸಿಯುತ್ತಾನೋ ಅದು ಪ್ರಯೋಗದ ಫಲಿತಾಂಶ. ಇದನ್ನು ಕೇಳಿ ನಂಜುಂಡಪ್ಪನವರು, "ನಮ್ಮ ಮಗ್ಗಿ ಮೇಷ್ಟ್ರೂ ಹಾಗೇ ಮಾಡ್ತಿದ್ರು, ಗಣಿ ಇರ್ಲಿಲ್ಲ ಅಷ್ಟೆ," ಎಂದರು.

ಬಲೂನಿನ ಕಥೆ ಹೇಳಿದ ದಿನ ಮಾತ್ರ ಯಾರೂ ನಗಲಿಲ್ಲ. ಒಂದೂವರೆ ಶತಮಾನದ ಹಿಂದೆ ಮೂವರು ಸಾಹಸಿಗಳು ಬಲೂನಿನಲ್ಲಿ ಮೋಡಗಳಾಚೆ ಏರಿಹೋದರು. ಉಸಿರು ಕಟ್ಟಿದರೆ ಬೇಕಾದೀತೆಂದು ಪ್ರಾಣವಾಯು ತುಂಬಿದ ಚೀಲಗಳನ್ನು ಮುಖದ ಎದುರಿಗೇ ತೂಗುಹಾಕಿಕೊಂಡಿದ್ದರು. ಅಷ್ಟು ಸಾಲದು ಎಂದು ಕೆಳಗಿದ್ದ ವಿಜ್ಞಾನಿಯೊಬ್ಬ ಪತ್ರ ಬರೆದಿದ್ದ. ಪತ್ರ ತಲಪುವಷ್ಟರಲ್ಲಿ ತಡವಾಗಿತ್ತು. ಮೇಲೆ ಹೋದ ಮೂವರಿಗೆ ನೋವಾಗಲಿಲ್ಲ, ಹೆದರಿಕೆಯಾಗಲಿಲ್ಲ. ಒಳಗಿನಿಂದ ಒಂದು ಆನಂದ ಉಕ್ಕಿಬಂತು. ಆ ಆನಂದದಲ್ಲಿ ಚೀಲಕ್ಕೆ ಕೈ ಚಾಚಬೇಕೆಂದುಕೊಂಡಾಗ ಕೈ ಏಳಲಿಲ್ಲ. ಬದುಕಿ ಇಳಿದುಬಂದವನು ಒಬ್ಬನೇ.

"ನೆನಪಿಡಿ," ಎಂದು ನಾನು ತರ್ಜನಿ ಎತ್ತಿ ಹೇಳಿದೆ, "ಎತ್ತರದಲ್ಲಿ ತಲೆನೋವು ಬಂದರೆ ಮುಚ್ಚಿಡಬಾರದು. ಅದಕ್ಕಿಂತ ಅಪಾಯ, ಕಾರಣವಿಲ್ಲದೆ ಖುಷಿಯಾಗುವುದು. ಮೆದುಳಿಗೆ ಪ್ರಾಣವಾಯು ಸಾಲದಾದಾಗ ಮೊದಲು ಕೆಡುವುದು ತನಗೇನೋ ಕೆಟ್ಟಿದೆ ಎಂದು ತಿಳಿಯುವ ಬುದ್ಧಿ."

ಆಮೇಲೆ ಬ್ಯಾಡ್ಮಿಂಟನ್ ಅಂಗಳದ ಬಿಳಿಗೆರೆಯ ಮೇಲೆ ಎಲ್ಲರನ್ನೂ ನಡೆಸಿದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ಹಾಕಬೇಕು. ಓಲಾಡಿದರೆ ಮೆದುಳಿಗೆ ತೊಂದರೆ, ತಕ್ಷಣ ಕೆಳಗಿಳಿಯಬೇಕು. ನಂಜುಂಡಪ್ಪನವರು ಸಮುದ್ರಮಟ್ಟದಿಂದ ಬರೀ ಮೂರು ಸಾವಿರ ಅಡಿ ಮೇಲಿನ ಬಸವೇಶ್ವರನಗರದಲ್ಲೇ ಮೂರನೆಯ ಹೆಜ್ಜೆಗೆ ಓಲಾಡಿದರು. ಎಲ್ಲಿಗೆ ಇಳಿಸುವುದೆಂದು ತಿಳಿಯದೆ ಅವರನ್ನು ಬೆಂಚಿನ ಮೇಲೆ ಕೂರಿಸಿದೆವು.

ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದು ಡ್ರಾಯರಿನಲ್ಲಿ ಮಲಗಿದ್ದ ಬೆರಳಿಗೆ ಸಿಕ್ಕಿಸುವ ಯಂತ್ರಗಳೆಲ್ಲ ಮತ್ತೆ ಎದ್ದುಬಂದವು. ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ತೋರಿಸುವ ಆ ಪುಟ್ಟ ಯಂತ್ರವನ್ನು ನಮ್ಮ ಬಳಗದವರು ಪರೀಕ್ಷೆಯ ಅಂಕಪಟ್ಟಿಯಂತೆ ಕಾಣತೊಡಗಿದರು. "ನಂದು ತೊಂಬತ್ತೆಂಟು, ನಿಮ್ದು?" ಎಂಬುದು ನಮಸ್ಕಾರಕ್ಕೆ ಬದಲಾಯಿತು. ತೊಂಬತ್ತಾರು ಬಂದವರು ಮನೆಗೆ ಹೋಗಿ ಕಾಫಿ ಕುಡಿದು, ಬೆರಳು ಬೆಚ್ಚಗೆ ಮಾಡಿಕೊಂಡು ಮರುಪರೀಕ್ಷೆಗೆ ಬರುತ್ತಿದ್ದರು.

ಈ ಸಂಭ್ರಮದ ನಡುವೆ ಒಂದು ದಿನ ಪಾರ್ವತಕ್ಕ ಬಂದರು. ಇವರು ನಮ್ಮದೇ ಕಟ್ಟಡದ ನೆಲಮಹಡಿಯಲ್ಲಿರುವವರು, ದಾವಣಗೆರೆಯ ಕಡೆಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಇಡೀ ಸೇವೆ ಮುಗಿಸಿದವರು. ಹೆಸರೇನೋ ಗಿರಿರಾಜನ ಕುಮಾರಿಯದು. ಆದರೆ ಮೂರು ವರ್ಷದ ಮಗುವಾಗಿದ್ದಾಗಿನಿಂದ ಆಸ್ತಮಾ. ಕೆಂಗೇರಿ ದಾಟಿದರೆ ಪರದೇಶವೆಂದು ನಂಬಿರುವ ಅವರ ಯಜಮಾನರು ಪ್ರವಾಸದ ಮಾತೆತ್ತಿದರೆ ಪತ್ರಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುವವರು.

"ಸರ್, ನನ್ ಹೆಸ್ರೂ ಬರ್ಕೊಳ್ರಿ," ಎಂದರು ಪಾರ್ವತಕ್ಕ.

ನಾನು ಕನ್ನಡಕ ತೆಗೆದು, ವಿದ್ಯಾರ್ಥಿಗಳನ್ನು ಅನುತ್ತೀರ್ಣಗೊಳಿಸುವಾಗ ಧರಿಸುತ್ತಿದ್ದ ಕರುಣೆಯನ್ನು ಧರಿಸಿದೆ. "ಪಾರ್ವತಕ್ಕ, ಅಲ್ಲಿ ನಮ್ಮಂಥವರಿಗೇ ಉಸಿರು ಸಿಗೋದು ಕಷ್ಟ. ನಿಮಗೆಲ್ಲಿ ಸಿಗುತ್ತೆ?"

"ನನಗ ಇಲ್ಲೇ ಸಿಗೂದಿಲ್ಲಲ್ರೀ ಸರ್," ಎಂದು ಅವರು ತಣ್ಣಗೆ ಹೇಳಿದರು. "ಸಿಗದಿದ್ದಾಗ ಏನ್ ಮಾಡ್ಬೇಕು ಅಂತ ನನಗ ಗೊತ್ತೈತಿ. ನಿಮಗ್ಯಾರಿಗೂ ಗೊತ್ತಿಲ್ಲ."

ನಾನು ಆ ಮಾತನ್ನು ಕೇಳಿದೆನೇ ಹೊರತು ಆಲಿಸಲಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಬರೆದು ಅದರ ಮುಂದೆ 'ಅನರ್ಹ' ಎಂದು ನಮೂದಿಸಿದೆ. ಪಾರ್ವತಕ್ಕ ಜಗಳವಾಡಲಿಲ್ಲ. ಮರುದಿನವೇ ರಾಜಾಜಿನಗರದಲ್ಲಿ ಅವರು ಹದಿನೈದು ವರ್ಷದಿಂದ ತೋರಿಸುತ್ತಿದ್ದ ಶ್ವಾಸಕೋಶದ ತಜ್ಞರ ಬಳಿ ಹೋದರು. ಊದಿ ನೋಡುವ ಪರೀಕ್ಷೆ, ನಡೆಸಿ ನೋಡುವ ಪರೀಕ್ಷೆ ಎಲ್ಲ ಆಗಿ ವಾರದೊಳಗೆ ಒಂದು ಪತ್ರ ತಂದು ನನ್ನ ಕೈಯಲ್ಲಿಟ್ಟರು. ಕಾಯಿಲೆ ಹತೋಟಿಯಲ್ಲಿದೆ, ದಿನದ ಔಷಧ ತಪ್ಪಿಸದೆ, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪನ್ನು ಕೈಗೆಟುಕುವಂತೆ ಇಟ್ಟುಕೊಂಡು, ಮೊದಲೆರಡು ದಿನ ಪೂರ್ತಿ ವಿಶ್ರಾಂತಿ ಪಡೆದರೆ ಹೋಗಬಹುದು ಎಂದು ಅದರಲ್ಲಿ ಬರೆದಿತ್ತು. ನಾನು ಪತ್ರವನ್ನು ಮೂರು ಸಲ ಓದಿದೆ. ವ್ಯಾಕರಣದೋಷವೂ ಸಿಗಲಿಲ್ಲ.

ಅವರೇಕೆ ಇಷ್ಟು ಹಟ ಹಿಡಿದಿದ್ದಾರೆಂದು ಅರ್ಥವಾಗದೆ ವಿಮಲಾಳನ್ನು ಕೇಳಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಶಾಲೆಯಲ್ಲಿ ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಪಾರ್ವತಕ್ಕ ಎಲ್ಲರ ಚಪ್ಪಲಿ ಕಾಯುತ್ತ ಕೂರುತ್ತಿದ್ದರಂತೆ. ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದಾಗ ಮೇಷ್ಟರು ಅವರನ್ನು ಕೆಳಗಿನ ಬಾಗಿಲಲ್ಲೇ ಊಟದ ಡಬ್ಬಿಗಳ ಜೊತೆ ಕೂರಿಸಿ ಉಳಿದವರನ್ನು ಕರೆದುಕೊಂಡು ಹತ್ತಿದ್ದರಂತೆ. "ಐವತ್ತು ವರ್ಷ ಆಯ್ತು, ಇನ್ನೂ ಆ ಡಬ್ಬಿಗಳ ಲೆಕ್ಕ ಹೇಳ್ತಾರೆ ಕಣ್ರೀ. ಮೂವತ್ತೆಂಟು," ಎಂದಳು ವಿಮಲಾ. ನಾನು ಪಟ್ಟಿಯಲ್ಲಿ 'ಅನರ್ಹ' ಎಂಬುದರ 'ನ' ಹೊಡೆದುಹಾಕಿದೆ, ಅಕ್ಷರ ಪೂರ್ತಿ ಮರೆಯಾಗದಷ್ಟು ತೆಳುವಾಗಿ.

ಆಮೇಲೆ ಪ್ರತಿ ಸಂಜೆ ಪಾರ್ವತಕ್ಕ ನಮ್ಮ ಮಹಡಿಯವರೆಗೆ ಅಭ್ಯಾಸಕ್ಕಾಗಿ ಹತ್ತತೊಡಗಿದರು. ತುಟಿಗಳನ್ನು ಸೀಟಿ ಊದುವಂತೆ ಕೂಡಿಸಿ, ನಾಲ್ಕು ಮೆಟ್ಟಿಲಿಗೆ ಒಂದು ದೀರ್ಘ ನಿಶ್ವಾಸ. ಮೊದಲ ತಿರುವು ಬಂದರೆ ಕಂಕುಳಲ್ಲಿದ್ದ ಪತ್ರಿಕೆ ಹಾಸಿ ರಾಜಾರೋಷವಾಗಿ ಕೂತುಬಿಡುವುದು. ಯಾರಾದರೂ ಬಂದು ಏನಾಯ್ತೆಂದರೆ, "ಏನಿಲ್ರಿ, ಉಸಿರು ಬರಾಕತ್ತೈತಿ, ಕಾಯಾಕತ್ತೀನಿ," ಎನ್ನುವುದು, ಬಸ್ಸಿಗೆ ಕಾಯುವವರಂತೆ. ಫೋನಿಲ್ಲ, ದಾಸವಾಳವಿಲ್ಲ. ಆ ಕಟ್ಟಡದಲ್ಲಿ ಸತ್ಯ ಹೇಳಿಕೊಂಡು ಮೆಟ್ಟಿಲು ಹತ್ತಿದವರನ್ನು ನಾನು ಕಂಡದ್ದು ಅದೇ ಮೊದಲು. ಕಂಡು ಮನಸ್ಸಿನಲ್ಲೇ ಮರುಗಿದೆ: ಪಾಪ, ಲೇಹ್‌ನಲ್ಲಿ ಈಕೆಯ ಗತಿಯೇನು!

ಜೂನ್ ಎರಡನೆಯ ವಾರ ಹನ್ನೆರಡು ಜನ ವಿಮಾನದಿಂದ ಲೇಹ್‌ನಲ್ಲಿ ಇಳಿದೆವು. ನಂಜುಂಡಪ್ಪನವರು ನಾಯಂಡಹಳ್ಳಿಯ ಗೋದಾಮಿನಿಂದ ಸಗಟಾಗಿ ತಂದ ಗಿಳಿಹಸಿರು ಉಣ್ಣೆಟೊಪ್ಪಿಗೆಗಳನ್ನು ಎಲ್ಲರೂ ತೊಟ್ಟಿದ್ದರಿಂದ ದೂರದಿಂದ ನೋಡಿದವರಿಗೆ ಹಸಿಮೆಣಸಿನಕಾಯಿಯ ಬುಟ್ಟಿ ನಡೆದುಬಂದಂತೆ ಕಂಡಿರಬೇಕು. ಹನ್ನೊಂದು ಸಾವಿರ ಅಡಿಗೂ ಮೀರಿದ ಊರು. ಆಕಾಶ ಅಷ್ಟು ನೀಲಿ, ಬೆಟ್ಟಗಳು ಅಷ್ಟು ಬೋಳು, ಗಾಳಿ ಅಷ್ಟು ತೆಳು. ನಾನು ಹೊರಡಿಸಿದ ಆಜ್ಞೆಯ ಪ್ರಕಾರ ಎರಡು ದಿನ ಯಾರೂ ಹೋಟೆಲಿನ ಅಂಗಳ ದಾಟಬಾರದು, ನೀರು ಕುಡಿಯುತ್ತ ಬಿದ್ದಿರಬೇಕು. ಹನ್ನೊಂದು ಜನ ಬಿದ್ದಿದ್ದರು. ಆಜ್ಞೆ ಹೊರಡಿಸಿದವನು ಮಾತ್ರ, ಹೋಟೆಲಿನ ಹಿಂದಿನ ಗುಡ್ಡದ ಮೇಲೊಂದು ಬಿಳಿಯ ಸ್ತೂಪ ಕಂಡು, ಅಧ್ಯಯನದ ದೃಷ್ಟಿಯಿಂದ ಸ್ವಲ್ಪ ಹತ್ತಿ ನೋಡಿ ಬರುತ್ತೇನೆಂದು ಮೊದಲ ದಿನವೇ ಹೊರಟ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ತುದಿಯಲ್ಲಿ ಒಬ್ಬ ಲಾಮಾ ನನ್ನನ್ನು ನೋಡಿ ಓಡಿಬಂದು ಕೂರಲು ಸ್ಟೂಲು ಕೊಟ್ಟರು. ನಾನು ಕೂರಲಿಲ್ಲ; ಗೋಡೆಯ ಚಿತ್ರಗಳ ಸೌಂದರ್ಯವನ್ನು ನೋಡುತ್ತ ನಿಂತೆ.

ಅಂದು ಸಂಜೆಗೇ ತಲೆನೋವು ಹಣೆಯ ಎರಡೂ ಬದಿಗೆ ಕೂತಿತು. ಮರುದಿನ ಉಪ್ಪಿಟ್ಟು ಕಂಡರೆ ವಾಕರಿಕೆ. ಇದಕ್ಕೆ ಪಠ್ಯಪುಸ್ತಕದಲ್ಲಿ ಯಾವ ಪುಟದಲ್ಲಿ ಏನು ಬರೆದಿದೆಯೆಂಬುದು ನನಗೆ ಕಂಠಪಾಠ. ಆದರೆ ಹನ್ನೊಂದು ಜನ ಸುತ್ತ ಕೂತು, "ಮೇಷ್ಟ್ರೇ, ನನಗೆ ತಲೆ ಸ್ವಲ್ಪ ಭಾರ, ಪರವಾಗಿಲ್ವಾ?" ಎಂದು ಕೇಳುತ್ತಿರುವಾಗ, ನನಗೆ ನಿಮ್ಮೆಲ್ಲರಿಗಿಂತ ಭಾರ ಎಂದು ಯಾವ ಬಾಯಲ್ಲಿ ಹೇಳುವುದು? ಉಸಿರಿನ ಮೇಷ್ಟರು ತಲೆನೋವಿನ ಬಗ್ಗೆ ಉಸಿರೆತ್ತಲಿಲ್ಲ. ಬೆರಳಿನ ಯಂತ್ರ ಎಲ್ಲರ ಕೈ ದಾಟಿ ನನ್ನ ಬಳಿ ಬಂದಾಗ ಬ್ಯಾಟರಿ ಹೋಗಿದೆಯೆಂದು ಹೇಳಿ ಜೇಬಿಗಿಳಿಸಿದೆ. ಪಾರ್ವತಕ್ಕ ಅಂಗಳದ ಜರ್ದಾಲು ಮರದ ಕೆಳಗೆ ಕೂತು, ಗಂಟೆಗೊಮ್ಮೆ ಬಿಸಿನೀರು ಗುಟುಕರಿಸುತ್ತ, ತುಟಿ ಕೂಡಿಸಿ ಉಸಿರು ಬಿಡುತ್ತ, ಯಾವ ಅವಸರವೂ ಇಲ್ಲದೆ ಇದ್ದರು. ಅವರ ಅಂಕ ನಮ್ಮೆಲ್ಲರಿಗಿಂತ ಮೇಲಿತ್ತು. ಯಂತ್ರ ಕೆಟ್ಟಿರಬೇಕೆಂದು ನಾನು ಶಂಕೆ ವ್ಯಕ್ತಪಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ದೊಡ್ಡ ವ್ಯಾನಿನಲ್ಲಿ ಹದಿನೇಳು ಸಾವಿರ ಅಡಿ ಮೀರಿದ ಘಾಟಿಯ ಕಡೆಗೆ ಹೊರಟೆವು. ಎಲ್ಲರೂ ಕಾದಿದ್ದ ದಿನ ಅದು. ಹಿಮವನ್ನು ಮುಟ್ಟುವ ದಿನ. ವ್ಯಾನು ತಿರುವು ತಿರುವಾಗಿ ಏರಿದಂತೆ ನನ್ನ ತಲೆನೋವು ಹಗುರಾಯಿತು, ಅಥವಾ ತಲೆಯೇ ಹಗುರಾಯಿತು. ಒಳಗಿನಿಂದ ಒಂದು ಉಲ್ಲಾಸ ಉಕ್ಕಿತು. ಹಿಂದಿನ ಸೀಟಿಗೆ ತಿರುಗಿ ಬಲೂನಿನ ಕಥೆಯನ್ನು ಮತ್ತೆ ಹೇಳಲಾರಂಭಿಸಿದೆ. ಈ ಸಲ ಅದು ನನಗೆ ಅತ್ಯಂತ ಹಾಸ್ಯಾಸ್ಪದವಾಗಿ ಕಂಡು, ಮೂವರು ಏರಿದರೆಂಬಲ್ಲಿಗೇ ನಗು ತಡೆಯಲಾಗಲಿಲ್ಲ. ಉಳಿದವರೂ ನಕ್ಕರು. ಮೇಷ್ಟ್ರು ಇವತ್ತು ಫಾರಂನಲ್ಲಿದ್ದಾರೆಂದು ನಂಜುಂಡಪ್ಪನವರು ಚಪ್ಪಾಳೆ ತಟ್ಟಿದರು. ಪಾರ್ವತಕ್ಕ ಒಬ್ಬರೇ ನಗಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ನನ್ನ ಕಡೆ ತಿರುಗದೆ, ಕಿವಿ ಮಾತ್ರ ಇತ್ತ ಕೊಟ್ಟಿದ್ದರು.

ಅರ್ಧದಾರಿಯ ತಪಾಸಣಾ ಠಾಣೆಯ ಬಳಿ ಚಹಾಕ್ಕೆಂದು ವ್ಯಾನು ನಿಂತಿತು. ನಾನು ಇಳಿದಾಗ ಪಾರ್ವತಕ್ಕ ಎದುರಿಗೆ ಬಂದು ನಿಂತರು.

"ಸರ್, ನಿಮ್ಮ ದನಿ ಸರಿ ಇಲ್ಲ."

"ನನ್ನ ದನಿ ಮೂವತ್ತೊಂದು ವರ್ಷ ಮೈಕಿಲ್ಲದೆ..." ಎಂದು ಆರಂಭಿಸಿದೆ.

"ಒಂದ್ ಪದದ ನಡಕ ಎರಡ್ ಸಲ ಉಸಿರು ತಗೋತೀರಿ. 'ಬಲೂನು' ಅನ್ನಾಕ ತಡವರಿಸ್ತೀರಿ. ಇಡೀ ನೌಕರಿ ಬರೇ ದನಿ ಕೇಳಿ ಮಂದೀನ ಗುರ್ತು ಹಿಡದೀನ್ರಿ ನಾನು. ಆ ಕಡಿಂದ ಮಾತಾಡೋರಿಗೆ ಜ್ವರ ಐತೋ, ಅಳಾಕತ್ತಾರೋ, ಕುಡದಾರೋ, ಎಲ್ಲಾ ಗೊತ್ತಾಗ್ತಿತ್ತು. ಇಲ್ನೋಡ್ರಿ, ಈ ಗೆರಿ ಮ್ಯಾಲೆ ನಡೀರಿ."

ರಸ್ತೆಯಂಚಿನ ಬಿಳಿಗೆರೆಯನ್ನು ಬೆರಳಿನಿಂದ ತೋರಿಸುತ್ತಿದ್ದರು. ನಾನು ಕಲಿಸಿದ ಪರೀಕ್ಷೆಯನ್ನು ನನಗೇ ಒಡ್ಡುವ ಉದ್ಧಟತನಕ್ಕೆ ನಗು ಬಂತು. ನಗುತ್ತಲೇ ಹಿಮ್ಮಡಿಗೆ ಬೆರಳು ತಾಗಿಸಿದೆ. ಒಂದು ಹೆಜ್ಜೆ ಗೆರೆಯ ಮೇಲೆ ಬಿತ್ತು. ಎರಡನೆಯದು ಚಹಾದಂಗಡಿಯ ಕಡೆಗೆ ಹೋಯಿತು. ಮೂರನೆಯದು ಎಲ್ಲಿಗೆ ಹೋಯಿತೋ ಕಾಣೆ, ನಂಜುಂಡಪ್ಪನವರ ತೋಳಿನಲ್ಲಿದ್ದೆ. ಬೂಟು ಹೊಸದು, ಅದರ ದೋಷ ಎಂದೆ. ರಸ್ತೆಯೇ ವಾಲಿದೆ ಎಂದೆ. ನಾನು ಹೇಳುವುದೆಲ್ಲ ಪರಮ ತರ್ಕಬದ್ಧವಾಗಿದೆಯೆಂದು ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ.

ಪಾರ್ವತಕ್ಕ ವಿಮಲಾಳ ಕಡೆ ತಿರುಗಿದರು. "ಏನ್ ವಿಮಲಾ, ನಿಮಗ ಗೊತ್ತಾಗ್ಲಿಲ್ಲೇನು?"

ವಿಮಲಾ ಅಳುವ ದನಿಯಲ್ಲಿ ಹೇಳಿದಳು: "ಇವರು ಮೂವತ್ತೈದು ವರ್ಷದಿಂದ ಹೀಗೇ ಮಾತಾಡ್ತಾರೆ ಪಾರ್ವತಕ್ಕ. ನನಗೆ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು?"

ಘಾಟಿಯ ತುದಿಗೆ ಇನ್ನು ಒಂದು ಗಂಟೆಯ ದಾರಿ. ಅಲ್ಲಿಂದಲೇ ಹಿಮದ ಅಂಚು ಬೆಳ್ಳಗೆ ಕಾಣುತ್ತಿತ್ತು. ಮೇಷ್ಟ್ರನ್ನು ಇಲ್ಲೇ ಕೂರಿಸಿ ಬೇಗ ಹೋಗಿಬಂದುಬಿಡೋಣ ಎಂದು ಯಾರೋ ಮೆಲ್ಲಗೆ ಅಂದರು. ಆಗ ಪಾರ್ವತಕ್ಕನ ದನಿ ಏರಿದ್ದನ್ನು ಮೊದಲ ಬಾರಿ ಕೇಳಿದೆ.

"ಯಾರನ್ನೂ ಕೆಳಗ ಕುಂದ್ರಿಸಿ ಹೋಗೂದಲ್ಲ. ಗಾಡಿ ತಿರುಗಿಸ್ರಿ."

ಗಾಡಿ ತಿರುಗಿತು. ಪಾರ್ವತಕ್ಕ ಅಷ್ಟು ಹತ್ತಿರ ಬಂದಿದ್ದ ಹಿಮಕ್ಕೆ ಬೆನ್ನು ಹಾಕಿ ನನ್ನ ಪಕ್ಕದಲ್ಲಿ ಕೂತರು. ವ್ಯಾನಿನಲ್ಲಿದ್ದ ಪ್ರಾಣವಾಯುವಿನ ಸಿಲಿಂಡರಿನ ಕೊಳವೆಯನ್ನು ನನ್ನ ಮೂಗಿಗೆ ಹಿಡಿದು, "ಬಾಯಿ ಮುಚ್ರಿ ಸರ್, ಮೂಗಿನಾಗ ತಗೋರಿ. ಇನ್ನೊಂದ್. ಇನ್ನೊಂದ್," ಎಂದು ದಾರಿಯುದ್ದಕ್ಕೂ ಎಣಿಸಿದರು. ನಾನು ಬಾಯಿ ಮುಚ್ಚಿದೆ. ಮೂವತ್ತೈದು ವರ್ಷದಲ್ಲಿ ವಿಮಲಾಗೆ ಸಾಧ್ಯವಾಗದ್ದು.

ಲೇಹ್‌ನ ಆಸ್ಪತ್ರೆಯಲ್ಲಿ ಆಗಿನ್ನೂ ಮೀಸೆ ಚಿಗುರುತ್ತಿದ್ದ ವೈದ್ಯರೊಬ್ಬರು ಪರೀಕ್ಷಿಸುತ್ತಿರುವಾಗ ನಾನು ಹಿಂದಿಯಲ್ಲಿ ಮೆದುಳಿನ ರಕ್ತಸಂಚಾರದ ಸಿದ್ಧಾಂತ ವಿವರಿಸಲು ಹೊರಟೆನಂತೆ. ಅವರು ಗೌರವದಿಂದ, ತಾವು ಡಾಕ್ಟರಾ ಎಂದು ಕೇಳಿದರಂತೆ. "ಹೌದು, ಕಪ್ಪೆಗಳಿಗೆ," ಎಂದೆನಂತೆ. ಎಲ್ಲವೂ 'ಅಂತೆ', ನನಗೆ ನೆನಪಿಲ್ಲ. ನೆನಪಿರುವುದು ಸಂಜೆಯ ಹೊತ್ತಿಗೆ, ಚುಚ್ಚುಮದ್ದು ಮತ್ತು ಪ್ರಾಣವಾಯುವಿನ ಪ್ರಭಾವದಿಂದ ಮಂಜು ಕರಗಿ, ನನ್ನ ಮೂರ್ಖತನ ಅಡಿಯಿಂದ ಮುಡಿಯವರೆಗೆ ಸ್ಪಷ್ಟವಾಗಿ ಕಂಡದ್ದು. ಇನ್ನೂ ಒಂದು ಗಂಟೆ ಮೇಲೆ ಹೋಗಿದ್ದರೆ ಇವರನ್ನು ಇಳಿಸಿ ತರುವುದು ಕಷ್ಟವಿತ್ತು ಎಂದು ವೈದ್ಯರು ವಿಮಲಾಗೆ ಹೇಳಿದ್ದು ಕಿವಿಗೆ ಬಿತ್ತು. ಆಕೆ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಬೆರಳುಗಳು ತಣ್ಣಗಿದ್ದವು. ನಾನು ಇನ್ನೊಂದು ಕೈಯಿಂದ ಅವನ್ನು ಮುಚ್ಚಿದೆ.

ಎರಡು ದಿನ ಆಸ್ಪತ್ರೆಯಲ್ಲಿದ್ದು ಹೋಟೆಲಿಗೆ ಮರಳಿದೆ. ಇನ್ನು ಮೇಲಕ್ಕೆ ಒಂದಡಿಯೂ ಹೋಗಕೂಡದೆಂದು ಅಪ್ಪಣೆಯಾಗಿತ್ತು. ಎಲ್ಲರನ್ನೂ ಅಂಗಳದಲ್ಲಿ ಕೂರಿಸಿಕೊಂಡು, ಮೊದಲ ದಿನದ ಇನ್ನೂರು ಮೆಟ್ಟಿಲು, ಜೇಬಿಗಿಳಿದ ಯಂತ್ರ, ಮುಚ್ಚಿಟ್ಟ ತಲೆನೋವು ಒಂದೊಂದನ್ನೂ ಒಪ್ಪಿಕೊಂಡೆ. ಇಷ್ಟು ಚಿಕ್ಕ ಉಪನ್ಯಾಸವನ್ನು ನಾನು ಹಿಂದೆಂದೂ ಕೊಟ್ಟಿರಲಿಲ್ಲ. ಕೊನೆಗೆ ಪಾರ್ವತಕ್ಕನಿಗೆ ಕೈಮುಗಿದು, "ನನ್ನಿಂದ ನಿಮ್ಮ ಹಿಮ ತಪ್ಪಿಹೋಯಿತು," ಎಂದೆ.

"ಅದೇನ್ ಕರಗಿ ಹೋಗೂದಿಲ್ ಬಿಡ್ರಿ, ಇನ್ನೂ ಒಂದ್ ದಿನ ಐತಿ," ಎಂದರು ಅವರು.

ಹೊರಡುವ ಹಿಂದಿನ ದಿನ ವ್ಯಾನು ಮತ್ತೆ ಘಾಟಿಗೆ ಹೊರಟಿತು. ವಿಮಲಾಳನ್ನು ಒತ್ತಾಯಮಾಡಿ ಕಳಿಸಿದೆ. ನಾನು ಜರ್ದಾಲು ಮರದ ಕೆಳಗೆ ಒಬ್ಬನೇ ಕೂತೆ. ಆ ಹಗಲು ಎಷ್ಟು ಉದ್ದವಾಗಿತ್ತೆಂದರೆ, ಬಲೂನಿನವರಿಗೆ ಪತ್ರ ಬರೆದು ಕೆಳಗೇ ಉಳಿದ ಆ ವಿಜ್ಞಾನಿ ಹೇಗೆ ಕಾದಿರಬಹುದೆಂದು ನಾನು ಜೀವನದಲ್ಲಿ ಮೊದಲ ಸಲ ಯೋಚಿಸಿದೆ. ಪಾಠ ಮಾಡಿದಷ್ಟು ವರ್ಷವೂ ನನ್ನ ಗಮನವೆಲ್ಲ ಮೇಲೆ ಹೋದವರ ಕಡೆಗೇ ಇತ್ತು.

ನಾಲ್ಕು ಗಂಟೆಗೆ ವ್ಯಾನು ಬಂತು. ಎಲ್ಲರೂ ಸುಸ್ತಾಗಿ, ಮೂಗು ಕೆಂಪಾಗಿ, ಫೋಟೋಗಳನ್ನು ತೋರಿಸುವ ಶಕ್ತಿಯೂ ಇಲ್ಲದೆ ಒಳಗೆ ನಡೆದರು. ಪಾರ್ವತಕ್ಕ ಕೊನೆಯವರಾಗಿ ಇಳಿದು, ನಿಧಾನವಾಗಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ತುಟಿ ಕೂಡಿಸಿ ದೀರ್ಘವಾಗಿ ಉಸಿರು ಬಿಟ್ಟರು. ಹೇಗಿತ್ತು ಎಂದು ಕೇಳಿದೆ. ಹಿಮದ ಬಣ್ಣ, ಬಾವುಟಗಳ ಸಾಲು, ಆಚೆ ಬದಿಯ ಕಣಿವೆ ಇಂಥ ಏನನ್ನಾದರೂ ಹೇಳುತ್ತಾರೆಂದು ಕಾದೆ. ಅವರು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಲ್ಲಿ ಎಲ್ಲಾರೂ ನನ್ನಂಗ ಉಸಿರಾಡ್ತಿದ್ರು ಸರ್," ಎಂದರು. "ಎಲ್ಲಾರೂ. ನಂಜುಂಡಪ್ಪನವ್ರು, ವಿಮಲಾ, ಆ ಮೋಟ್ರುಸೈಕಲ್ ಹುಡುಗ್ರು, ಯಾರ್ಯಾರೋ ಪರದೇಶದೋರು. ನಾಕ್ ಹೆಜ್ಜಿ ಇಡೂದು, ನಿಂದ್ರೂದು. ನಾಕ್ ಹೆಜ್ಜಿ ಇಡೂದು, ನಿಂದ್ರೂದು. ಯಾರೂ ನನ್ ಮುಖ ನೋಡಿ ಏನಾತು ಅಂತ ಕೇಳ್ಲಿಲ್ಲ. ಹುಟ್ಟಿದಾಗಿಂದ ಮೊದಲ್ನೇ ಸಲ ನಾನು ಮಂದೀ ಸಂಗಾಟ ನಡದೆ."

ಅಷ್ಟರಲ್ಲಿ ನಂಜುಂಡಪ್ಪನವರು ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದು, ಹಸಿರು ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು, "ನಡೆದಿದ್ದಾ? ನಾನಂತೂ ಸತ್ತೇ ಹೋದೆ ಅಂದ್ಕೊಂಡೆ ಕಣಕ್ಕ! ನೀವು ಆ ಬಂಡೆ ಮೇಲೆ ಜಾಗ ಬಿಡದೇ ಇದ್ದಿದ್ರೆ ಅಲ್ಲೇ ಮಲಗಿಬಿಡ್ತಿದ್ದೆ," ಎಂದರು.

ಪಾರ್ವತಕ್ಕ ನಕ್ಕರು. ನಗುವಿನ ಕೊನೆಗೆ ಅವರ ಎದೆಯಿಂದ ಸಣ್ಣದೊಂದು ಸೀಟಿ ಹೊರಟಿತು. ಅದನ್ನು ಮುಚ್ಚಿಕೊಳ್ಳಲು ಅವರು ಕೈ ಅಡ್ಡ ಹಿಡಿಯಲಿಲ್ಲ. ಅದು ನಿಂತ ಮೇಲೆ ಇನ್ನೊಂದಿಷ್ಟು ನಕ್ಕು, ಲೋಟ ಮುಂದಕ್ಕೆ ಚಾಚಿದರು.